ದಾರ ಬೇಗ ಹೋಗುತ್ತೆ, ಲೇಸ್ ಉಳಿಯುತ್ತೆ

ಯಾರಾದರೂ "ನೀವೇನು ಕೆಲಸ ಮಾಡ್ತೀರಿ" ಅಂತ ಕೇಳಿದರೆ "ಟ್ಯಾಟಿಂಗ್ ಲೇಸ್ ಮಾಡ್ತೀನಿ" ಅನ್ನುತ್ತೇನೆ. ಲೆಕ್ಕದ ಪುಸ್ತಕ ಬೇರೆಯೇ ಹೇಳುತ್ತದೆ. ಅದರ ಪ್ರಕಾರ ನಾನು ದಾರದ ವ್ಯಾಪಾರಿ. ಕೈಯಲ್ಲಿ ಬಣ್ಣ ಹಾಕಿದ ದಾರದ ಲಡಿಗಳ ಫೋಟೋ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದರೆ ವಾರದೊಳಗೆ ಖಾಲಿ. ಅದೇ ದಾರದಲ್ಲಿ ಹೆಣೆದ ಓಲೆ, ಕಾಲರ್, ಕರ್ಚೀಫಿನ ಅಂಚು ಮಾತ್ರ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತವೆ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಬೆಲೆ ಕೇಳಿ ಮೆಲ್ಲಗೆ ಕೆಳಗಿಡುತ್ತಾರೆ. ಗಿರಾಕಿಗಳಿಗೆ ಬೆಲೆ ಗೊತ್ತಿಲ್ಲ ಅಂತ ಬೈದು ಮುಗಿಸೋದು ಸುಲಭ. ವಿಷಯ ಅಷ್ಟು ಸಲೀಸಾಗಿಲ್ಲ.

ಟ್ಯಾಟಿಂಗ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಇದು ಕ್ರೋಶಾ ಅಲ್ಲ. ಕೊಕ್ಕೆ ಕಡ್ಡಿಯಿಂದ ಕುಣಿಕೆ ಎಳೆಯೋ ಕೆಲಸ ಇದರಲ್ಲಿಲ್ಲ. ಬೆರಳುದ್ದದ ಒಂದು ಶಟಲ್ ಇರುತ್ತದೆ. ನಡುವೆ ದಾರ ಸುತ್ತಿಕೊಳ್ಳೋಕೆ ಜಾಗ, ಎರಡೂ ತುದಿಯಲ್ಲಿ ಅದರ ಮೇಲಿನ, ಕೆಳಗಿನ ಪಟ್ಟಿಗಳು ಒಂದಕ್ಕೊಂದು ತಾಗಿರುತ್ತವೆ. ಲೇಸ್ ಪೂರ್ತಿ ಗಂಟುಗಳಿಂದಲೇ ಆಗುತ್ತದೆ. ಗಂಟುಗಳ ಸಾಲನ್ನು ಎಳೆದು ಮುಚ್ಚಿದರೆ ಉಂಗುರ. ಮುಚ್ಚದೆ ಬಾಗಿಸಿ ಬಿಟ್ಟರೆ ಚೈನ್. ಗಂಟುಗಳ ನಡುವೆ ಸ್ವಲ್ಪ ದಾರ ಸಡಿಲ ಬಿಟ್ಟರೆ ಸಣ್ಣ ಕುಣಿಕೆ ಎದ್ದು ನಿಲ್ಲುತ್ತದೆ, ಅದು ಪಿಕೋ. ಸೀರೆ ಅಂಚಿಗೆ ಮಷಿನ್‌ನಲ್ಲಿ ಹೊಡೆಸೋ ಪೀಕೋ ಅಲ್ಲ, ಬೇರೆ. ಇಷ್ಟೇ ಸಾಮಾನು. ಉಂಗುರ, ಚೈನ್, ಪಿಕೋ. ಇದರಲ್ಲೇ ಹೂವು, ಎಲೆ, ಹಿಮದ ಹರಳು, ನವಿಲು, ರಂಗೋಲಿ ಎಲ್ಲ ಆಗಬೇಕು.

ಗುಟ್ಟೆಲ್ಲ ಇರೋದು ಗಂಟಿನಲ್ಲಿ. ಎಡಗೈ ಬೆರಳುಗಳ ಸುತ್ತ ದಾರ ಸುತ್ತಿ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಯಬೇಕು. ಬಲಗೈಯ ಶಟಲ್ ಆ ದಾರದ ಕೆಳಗೆ ನುಗ್ಗಿ ಮೇಲಿಂದ ವಾಪಸ್ ಬರುತ್ತದೆ. ಆಗ ಒಂದು ಗಂಟು ಬೀಳುತ್ತದೆ. ಆದರೆ ಅದು ಶಟಲ್ ದಾರ ಹಾಕಿದ ಗಂಟು. ಹಾಗೇ ಬಿಗಿದರೆ ಉಂಗುರ ಯಾವತ್ತೂ ಮುಚ್ಚುವುದಿಲ್ಲ. ಈಗ ಎಡಗೈ ಬೆರಳು ಸಡಿಲ ಬಿಟ್ಟು ಶಟಲ್ ದಾರವನ್ನು ಟಕ್ ಅಂತ ಬಿಗಿ ಮಾಡಬೇಕು. ಗಂಟು ಒಂದು ದಾರದಿಂದ ಇನ್ನೊಂದಕ್ಕೆ ಹಾರುತ್ತದೆ! ಈಗ ಗಂಟು ಹಾಕಿರೋದು ಬೆರಳ ಸುತ್ತಿನ ದಾರ. ಶಟಲ್ ದಾರ ಅದರ ಹೊಟ್ಟೆಯೊಳಗೆ ಸರಾಗವಾಗಿ ಹಿಂದೆ ಮುಂದೆ ಓಡಾಡುತ್ತದೆ. ಇದು ಅರ್ಧ ಗಂಟು. ಇದರ ಉಲ್ಟಾ ಇನ್ನೊಂದು ಅರ್ಧ ಹಾಕಿದರೆ ಒಂದು ಪೂರ್ತಿ ಗಂಟು.

ನನಗೆ ಇದನ್ನು ಕಲಿಸಿದ್ದು ನಮ್ಮ ಬೀದಿಯ ಟೀಚರಮ್ಮ. ಹನುಮಂತನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ. ಅವರು ಕಲಿತದ್ದು ಕಾನ್ವೆಂಟ್ ಸ್ಕೂಲಿನಲ್ಲಿ, ಸಿಸ್ಟರ್ ಒಬ್ಬರಿಂದ. ಗಂಟು ಹಾರದೆ ನಾನು ಒದ್ದಾಡುತ್ತಿದ್ದರೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಎಡಗೈ ಬಿಡಮ್ಮ. ಬಿಟ್ರೆ ಅದೇ ಹಾರುತ್ತೆ." ಹಾರಿತು. ಒಂದು ಸಲ ಹಾರಿದ ಮೇಲೆ ಅದನ್ನು ಕೈ ಮರೆಯುವುದಿಲ್ಲ.

ಯುರೋಪಿನಲ್ಲಿ 18ನೇ ಶತಮಾನದ ದೊಡ್ಡ ಮನೆಗಳ ಹೆಂಗಸರು ಶಟಲ್ ಹಿಡಿದು ದಾರದಲ್ಲಿ ಬರೀ ಗಂಟು ಹಾಕುತ್ತಾ ಕೂರುತ್ತಿದ್ದರಂತೆ. ಆ ಗಂಟಿನ ದಾರವನ್ನು ಬಟ್ಟೆ ಮೇಲೆ ಹೊಲಿಯುತ್ತಿದ್ದರು. ಈಗಿನ ಟ್ಯಾಟಿಂಗ್ ಕಾಣಿಸಿಕೊಳ್ಳೋದು 19ನೇ ಶತಮಾನದಲ್ಲಿ. ಮೊದಮೊದಲು ಒಂದೊಂದು ಉಂಗುರವನ್ನೂ ಬೇರೆ ಮಾಡಿ ಆಮೇಲೆ ಸೂಜಿಯಲ್ಲಿ ಪೋಣಿಸುತ್ತಿದ್ದರು. 1850ರ ಆಸುಪಾಸಿನಲ್ಲಿ ಪಿಕೋಗಳ ಮೂಲಕ ಹೆಣೆಯುತ್ತಲೇ ಜೋಡಿಸೋ ದಾರಿ ಬಂತು. ಅಲ್ಲಿಂದ ಮುಂದೆ ಇದು ನಿಜವಾದ ಲೇಸ್ ಆಯಿತು.

ಕಾಕತಾಳೀಯವೋ ಏನೋ, ಇದಕ್ಕೆ ಬೇಕಾದ ದಾರವೂ ಅದೇ ಕಾಲದ್ದು. ಇಂಗ್ಲೆಂಡಿನ ಜಾನ್ ಮರ್ಸರ್ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಎಳೆ ಉಬ್ಬುತ್ತದೆ, ಗಟ್ಟಿಯಾಗುತ್ತದೆ, ಬಣ್ಣ ಜಾಸ್ತಿ ಕುಡಿಯುತ್ತದೆ ಅಂತ ಕಂಡುಹಿಡಿದು 1850ರಲ್ಲಿ ಪೇಟೆಂಟ್ ತೆಗೆದುಕೊಂಡರು. ಮುಂದೆ 1890ರ ಸುಮಾರಿಗೆ ಇನ್ನೊಬ್ಬರು, ಹೊರೇಸ್ ಲೋ, ಹಾಗೆ ಅದ್ದುವಾಗ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ರೇಷ್ಮೆಯ ಹೊಳಪು ಬರುತ್ತದೆ ಅಂತ ತೋರಿಸಿದರು. ಅಂಗಡಿಯಲ್ಲಿ "ಮರ್ಸರೈಸ್ಡ್" ಅಂತ ಬರೆದಿರೋ ಉಂಡೆ ಇದೇ. ದಾರಕ್ಕೆ ನಂಬರ್ ಇರುತ್ತದೆ. 20 ದಪ್ಪ, 40 ತೆಳು, 80 ಅಂದರೆ ಕೂದಲು. ನಂಬರ್ ಹೆಚ್ಚಾದಷ್ಟು ದಾರ ಸಣ್ಣ. ನಾನು ಓಲೆಗೆ 40 ಹಿಡಿಯುತ್ತೇನೆ. 80 ಹಿಡಿದರೆ ಲೇಸ್ ಉಸಿರು ಬಿಟ್ಟರೆ ಹಾರಿಹೋಗೋ ಹಾಗಿರುತ್ತದೆ, ಆದರೆ ಕಣ್ಣಿನ ಡಾಕ್ಟರ್ ಬೈಯುತ್ತಾರೆ.

ಬಣ್ಣಕ್ಕೆ ಬರೋಣ. ನನಗೆ ಇಷ್ಟವಾದ ಭಾಗ ಇದು.

ಎಲ್ಲರೂ ಮೊದಲು ಕೇಳೋದು "ನ್ಯಾಚುರಲ್ ಡೈನಾ ಮೇಡಂ?" ಅಂತ. ಅಲ್ಲ. ಅರಿಶಿನದ ಬಣ್ಣ ನೋಡೋಕೆ ಚೆಂದ, ಬಿಸಿಲಿಗೆ ಇಟ್ಟರೆ ಓಡಿಹೋಗುತ್ತದೆ. ಮಂಜಿಷ್ಠ ಪಟಿಕ ಹಾಕಿದರೆ ನಿಲ್ಲುತ್ತದೆ. ನೀಲಿ, ಅಂದರೆ ಇಂಡಿಗೋ, ನೀರಿಗೆ ನಿಲ್ಲುತ್ತದೆ, ಉಜ್ಜಿದರೆ ಬಿಡುತ್ತದೆ. ಟ್ಯಾಟಿಂಗ್‌ನಲ್ಲಿ ದಾರ ಇಡೀ ಹೊತ್ತು ಬೆರಳುಗಳ ನಡುವೆಯೇ ಉಜ್ಜುತ್ತಿರುತ್ತದೆ. ಒಂದು ಹೂವು ಮುಗಿಯುವಷ್ಟರಲ್ಲಿ ಬೆರಳು ನೀಲಿ, ಪಕ್ಕದ ಬಿಳಿ ಉಂಗುರವೂ ನೀಲಿ. ಹಾಗಾಗಿ ನಾನು ಬಳಸೋದು ರಿಯಾಕ್ಟಿವ್ ಡೈ. 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಪ್ರೋಸಿಯಾನ್ ಅನ್ನೋ ಹೆಸರಲ್ಲಿ ಮೊದಲು ಮಾರಾಟಕ್ಕೆ ತಂದದ್ದು. ಈ ಬಣ್ಣ ಹತ್ತಿಗೆ ಬರೀ ಅಂಟಿಕೊಳ್ಳೋದಿಲ್ಲ. ವಾಷಿಂಗ್ ಸೋಡಾ ಸೇರಿಸಿದರೆ ಹತ್ತಿಯ ಎಳೆಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಕುದಿಸಬೇಕಾಗಿಲ್ಲ. ಸರಿಯಾಗಿ ತೊಳೆದರೆ ಆಮೇಲೆ ಬಣ್ಣ ಬಿಡುವುದಿಲ್ಲ.

ಉಂಡೆಯ ದಾರವನ್ನು ಲಡಿ ಮಾಡಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಆ ಜಾಗ ಬೆಳ್ಳಗೆ ಉಳಿಯುತ್ತದೆ. ಬಿಸಿನೀರು, ಸೋಪಿನಲ್ಲಿ ನೆನೆಸಿ ಕಾರ್ಖಾನೆಯ ಪಾಲಿಶ್ ತೆಗೆಯಬೇಕು. ಆಮೇಲೆ ಸೋಡಾ ನೀರಲ್ಲಿ ನೆನೆಸಿ, ಹಿಂಡಿ, ಟ್ರೇಯಲ್ಲಿ ಹರಡಿ, ಬಾಟಲಿಯಿಂದ ಬಣ್ಣ ಸುರಿಯೋದು. ಪ್ಲಾಸ್ಟಿಕ್ ಹಾಳೆ ಸುತ್ತಿ ರಾತ್ರಿಯಿಡೀ ಬಿಡಬೇಕು. ಬಣ್ಣದ ಪುಡಿ ಕಲೆಸುವಾಗ ಮಾಸ್ಕ್ ಬೇಕೇ ಬೇಕು, ಅದು ಶ್ವಾಸಕ್ಕೆ ಒಳ್ಳೆಯದಲ್ಲ. ಅಡುಗೆಮನೆ ಪಾತ್ರೆಗಳಿಗೂ ಈ ಕೆಲಸಕ್ಕೂ ಸಂಬಂಧ ಇರಬಾರದು. ನಮ್ಮಮ್ಮ ಇದನ್ನು ಬಹಳ ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತಾರೆ, ಕಾರಣ ಮಾತ್ರ ಬೇರೆ.

ಒಂದೊಂದು ಬಣ್ಣಕ್ಕೂ ಒಂದೊಂದು ಸ್ವಭಾವ. ರಾಣಿ ಪಿಂಕ್ ದಾರ ಮುಟ್ಟಿದ ತಕ್ಷಣ ಕಚ್ಚಿಕೊಳ್ಳುತ್ತದೆ. ನೀಲಿ ನಿಧಾನ. ಎರಡೂ ಕಲೆಸಿ ನೇರಳೆ ಮಾಡಿ ಸುರಿದರೆ ಪಿಂಕ್ ಸುರಿದ ಜಾಗದಲ್ಲೇ ನಿಲ್ಲುತ್ತದೆ, ನೀಲಿ ಮುಂದೆ ಹರಿದುಹೋಗುತ್ತದೆ. ಬದನೆಕಾಯಿ ಬಣ್ಣ ಬೇಕು ಅಂತ ಹೊರಟರೆ ಅಂಚಿನಲ್ಲಿ ನೀಲಿ ಮೋಡ. ಅದನ್ನೇ ಬೇಕು ಅಂತ ಮಾಡಿದರೆ ಗಿರಾಕಿಗಳಿಗೆ ಅದು "ಡಿಸೈನ್". ಟರ್ಕಾಯ್ಸ್, ಅಂದರೆ ಹಸಿರು ಬೆರೆತ ನೀಲಿ, ಇನ್ನೂ ಸೋಮಾರಿ. ಅದರ ಅಣು ದೊಡ್ಡದು, ಒಳಗೆ ತಾಮ್ರ ಇರುತ್ತದೆ, ಕಚ್ಚಿಕೊಳ್ಳೋಕೆ ಬೆಚ್ಚಗೆ ಬೇಕು. ಬೆಂಗಳೂರಿನ ಏಪ್ರಿಲ್‌ನಲ್ಲಿ ತೊಂದರೆ ಇಲ್ಲ. ಡಿಸೆಂಬರ್ ರಾತ್ರಿ 16 ಡಿಗ್ರಿಗೆ ಇಳಿದಾಗ ನವಿಲಿನ ಬಣ್ಣಕ್ಕೆ ಅಂತ ಹಳದಿ ಜೊತೆ ಹಾಕಿದ ಟರ್ಕಾಯ್ಸ್ ಅರ್ಧಕ್ಕರ್ಧ ತೊಳೆದ ನೀರಲ್ಲಿ ಹೋಗಿ ಹಳದಿಯೇ ಎದ್ದು ಕಾಣುತ್ತದೆ. ಚಳಿಗಾಲದಲ್ಲಿ ನಾನು ಟ್ರೇಯನ್ನು ಬಿಸಿನೀರಿನ ಟಬ್ ಮೇಲಿಟ್ಟು ಹಳೇ ರಗ್ಗು ಹೊದಿಸುತ್ತೇನೆ.

ನೀರಿನ ಕಥೆ ಇನ್ನೂ ಉದ್ದ. ನಮ್ಮ ಮನೆಗೆ ಕಾವೇರಿ ನೀರೂ ಬರುತ್ತದೆ, ಬೋರ್‌ವೆಲ್ ನೀರೂ ಬರುತ್ತದೆ. ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ ಕಡೆಯಿಂದ ಪಂಪ್ ಮಾಡಿ ಹತ್ತಿಸಿಕೊಂಡು ತರೋ ನೀರು ಅದು. ಬಣ್ಣಕ್ಕೆ ಬಹಳ ಒಳ್ಳೆಯದು. ಬೋರ್ ನೀರು ಗಡಸು. ಅದರಲ್ಲಿರೋ ಕ್ಯಾಲ್ಸಿಯಂ ವಾಷಿಂಗ್ ಸೋಡಾ ಜೊತೆ ಸೇರಿ ಬಿಳಿ ಸುಣ್ಣವಾಗಿ ತಳ ಹಿಡಿಯುತ್ತದೆ. ದಾರದ ಮೇಲೂ ಕೂರುತ್ತದೆ. ಕೈಗೆ ಒರಟು, ಬಣ್ಣ ತೇಪೆ ತೇಪೆ. ಲಡಿ ತೊಳೆಯೋಕೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ನೀರು ತಿಳಿಯಾಗೋವರೆಗೂ. ಕೆಂಪು, ಕಪ್ಪು, ಟರ್ಕಾಯ್ಸ್ ಆದರೆ ಬಕೆಟ್ ಮೇಲೆ ಬಕೆಟ್. 2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಬತ್ತಿ, ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ ನಾನು ಕೆಂಪನ್ನೇ ನಿಲ್ಲಿಸಿದೆ. ಕಾರಿಗೇ ದಂಡ ಇದ್ದಾಗ ದಾರ ತೊಳೆಯೋಕೆ ಮನಸ್ಸು ಹೇಗೆ ಬರುತ್ತೆ? ಆ ವರ್ಷದ ಬಣ್ಣಗಳೆಲ್ಲ ತಿಳಿ. ಮಲ್ಲಿಗೆ ಮೊಗ್ಗಿನ ಕೆಳಗಿನ ಹಸಿರು, ಹೊಂಗೆ ಚಿಗುರು, ಈರುಳ್ಳಿ ಸಿಪ್ಪೆ. ಎರಡೇ ನೀರಲ್ಲಿ ತೊಳೆದು ಮುಗಿಯುತ್ತಿತ್ತು. ಒಬ್ಬರು "ನಿಮ್ಮ ಹೊಸ ಪೇಸ್ಟಲ್ ಕಲೆಕ್ಷನ್ ಸೂಪರ್" ಅಂತ ಮೆಸೇಜ್ ಹಾಕಿದರು. ಥ್ಯಾಂಕ್ಸ್ ಅಂದೆ.

ಬಣ್ಣಗಳಿಗೆ ಹೆಸರಿಡೋದಕ್ಕೆ ಈ ಊರಲ್ಲಿ ಬರಗಾಲವಿಲ್ಲ. ಫೆಬ್ರವರಿ ಮಾರ್ಚ್‌ನ ತಬೂಬಿಯ, ಆಮೇಲೆ ಜಕರಂಡ, ಆಮೇಲೆ ಗುಲ್‌ಮೊಹರ್. ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿದವರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ ರಸ್ತೆ ರಸ್ತೆಗೂ ಗಿಡ ನೆಡಿಸಿದರು. ಅವರ ಪುಣ್ಯ, ನನ್ನ ಲಡಿಗಳಿಗೆ ಹೆಸರು. ಆದರೆ ನನಗೆ ಹೆಚ್ಚು ಇಷ್ಟ ಸೀರೆ ಅಂಗಡಿಯ ಹೆಸರುಗಳು. ಎಂ.ಎಸ್. ಬ್ಲೂ (ಗಾಯಕಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸೀರೆಯ ನೀಲಿ), ರಾಮಾ ಗ್ರೀನ್, ಗಿಳಿ ಹಸಿರು. ಚಿಕ್ಕಪೇಟೆಯಲ್ಲಿ ಗದ್ದಿಗೆ ಮೇಲೆ ಕೂತು ಸೀರೆ ಬಿಚ್ಚಿ ಹಾಕೋ ಅಣ್ಣನಿಗೆ ಇರೋ ಬಣ್ಣದ ಕಣ್ಣು ಯಾವ ಆರ್ಟ್ ಸ್ಕೂಲಿನವರಿಗೂ ಇಲ್ಲ ಅಂತ ನನ್ನ ಅಭಿಪ್ರಾಯ.

ಟ್ಯಾಟಿಂಗ್ ದಾರಕ್ಕೆ ಬಣ್ಣ ಹಾಕೋದು ಸೀರೆಗೆ ಹಾಕಿದಂತಲ್ಲ. ಲಡಿಯಲ್ಲಿ ಚೆಂದ ಕಂಡದ್ದು ಲೇಸಿನಲ್ಲಿ ಕಾಣುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಚೈನ್ ಹಾಕುವಾಗ ಬೆರಳಿಗೆ ಸುತ್ತೋದು ಉಂಡೆಯಿಂದ ಬರೋ ಇನ್ನೊಂದು ದಾರ. ಶಟಲ್ ದಾರ ಗಂಟುಗಳ ಒಳಗೆ ಅಡಗಿಬಿಡುತ್ತದೆ, ಕಾಣೋದು ಉಂಡೆಯ ದಾರ ಮಾತ್ರ. ಉಂಗುರಕ್ಕೆ ಬೆರಳ ಸುತ್ತ ಸುತ್ತೋದೂ ಶಟಲ್‌ನ ದಾರವನ್ನೇ, ಹಾಗಾಗಿ ಅದರಲ್ಲಿ ಕಾಣೋದು ಶಟಲ್ ದಾರ. ಎರಡು ಬಣ್ಣ ಹಿಡಿದರೆ ಜೋಡಿಸೋ ಜಾಗದಲ್ಲಿ ಒಳಗಿನ ಬಣ್ಣ ಸಾಸಿವೆಯಷ್ಟು ಇಣುಕುತ್ತದೆ. ಕೆಲವರಿಗೆ ಆ ಚುಕ್ಕೆ ಕಂಡರೆ ಆಗೋದಿಲ್ಲ. ನನಗೆ ಅಡ್ಡಿ ಇಲ್ಲ. ಇನ್ನು ಒಂದೊಂದು ಬಣ್ಣ ಎಷ್ಟು ಉದ್ದ ಇರಬೇಕು ಅನ್ನೋದು. ಒಂದು ಉಂಗುರಕ್ಕೆ ಹಿಡಿಯೋ ದಾರಕ್ಕಿಂತ ಚಿಕ್ಕದಾದರೆ ಉಂಗುರ ಪೂರ್ತಿ ಚುಕ್ಕೆ ಚುಕ್ಕೆ, ಡಿಸೈನ್ ಮುಳುಗಿಹೋಗುತ್ತದೆ. ಉದ್ದ ಬಿಟ್ಟರೆ ಒಂದು ದಳ ಕನಕಾಂಬರ, ಮುಂದಿನದು ಹಳದಿ, ಆಮೇಲೆ ಹಸಿರು. ಅದಕ್ಕೇ ನಾನು ಪ್ರತಿ ಬಣ್ಣದ ಜೊತೆ ಒಂದು ಸಣ್ಣ ಹೂ ಹೆಣೆದು ಫೋಟೋ ಹಾಕುತ್ತೇನೆ. ಲಡಿಯ ಫೋಟೋ ಮಾತ್ರ ಹಾಕಿ ಮಾರೋದು ಹಿಟ್ಟು ತೋರಿಸಿ ದೋಸೆ ಮಾರಿದಂತೆ.

ಡಿಸೈನ್ ನಾನು ಕಾಗದದ ಮೇಲೆ ಮಾಡುವುದಿಲ್ಲ. ಮೊದಲು ಶಟಲ್, ಆಮೇಲೆ ಪೆನ್ಸಿಲ್. ಗಂಟು ಎಣಿಸುತ್ತಾ ಹೋಗೋದು: ಐದು, ಪಿಕೋ, ಐದು, ಪಿಕೋ. ಚೈನ್‌ನಲ್ಲಿ ಎರಡು ಗಂಟು ಕಮ್ಮಿಯಾದರೆ ಹೂವು ಬಟ್ಟಲಾಗುತ್ತದೆ, ಜಾಸ್ತಿಯಾದರೆ ಹಪ್ಪಳ ಸುಟ್ಟಾಗ ಏಳೋ ಹಾಗೆ ಅಂಚು ಏಳುತ್ತದೆ. ಗಂಟು ಒಮ್ಮೆ ಬಿಗಿದರೆ ಬಿಚ್ಚೋದು ಬಲು ಕಷ್ಟ. ಕ್ರೋಶಾದಲ್ಲಿ ದಾರ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತೆ. ಇಲ್ಲಿ ಸೂಜಿ ಮೊನೆಯಿಂದ ಒಂದೊಂದೇ ಬಿಡಿಸಬೇಕು, ಇಲ್ಲಾ ಕತ್ತರಿ. ಕೊನೆಗೆ ದಾರದ ತುದಿಗಳನ್ನು ಗಂಟಿನೊಳಗೆ ನುಗ್ಗಿಸಿ ಮುಚ್ಚಬೇಕು. ಓಲೆಯಾದರೆ ತೆಳುವಾದ ಅನ್ನದ ಗಂಜಿಯಲ್ಲಿ ಅದ್ದಿ, ಪಿನ್ ಚುಚ್ಚಿ ಒಣಗಿಸಬೇಕು. ಕೊಳ್ಳುವವರಿಗೆ ಈ ಕೊನೆಯ ಕೆಲಸ ಕಾಣೋದೇ ಇಲ್ಲ. ಕಾಣಬಾರದು ಅನ್ನೋದೇ ಆ ಕೆಲಸ.

ಹೀಗೆ ಆದ ಒಂದು ಜೊತೆ ಓಲೆಗೆ ಒಂದು ಇಡೀ ಸಂಜೆ ಹೋಗುತ್ತದೆ. ಕಾಲರ್ ಆದರೆ ವಾರಗಳು. ಅಪಾರ್ಟ್‌ಮೆಂಟ್ ಸಂತೆಯಲ್ಲಿ ಟೇಬಲ್ ಹಾಕಿದಾಗ ಓಲೆಗೆ 450 ಅಂತ ಚೀಟಿ ಅಂಟಿಸಿದ್ದೆ. ಒಬ್ಬ ಆಂಟಿ ಕೈಗೆತ್ತಿಕೊಂಡು ಹೇಳಿದರು: "ಚಿಕ್ಕಪೇಟೆಯಲ್ಲಿ ಇಂಥ ಲೇಸ್ ಮೀಟರ್‌ಗಟ್ಟಲೆ ಸಿಗುತ್ತಲ್ಲಮ್ಮ."

ಸಿಗುತ್ತೆ. ಅವರು ಸುಳ್ಳು ಹೇಳಲಿಲ್ಲ. ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ 1863ರಲ್ಲಿ ಕಂಡುಹಿಡಿದ ಶಿಫ್ಲಿ ಅನ್ನೋ ಕಸೂತಿ ಮಷಿನ್ ಇದೆ. ನೂರಾರು ಸೂಜಿ ಒಟ್ಟಿಗೆ ಓಡುತ್ತವೆ. ಕರಗೋ ಬಟ್ಟೆಯ ಮೇಲೆ ಕಸೂತಿ ಹಾಕಿ, ಆಮೇಲೆ ಬಟ್ಟೆ ಕರಗಿಸಿದರೆ ದಾರ ಮಾತ್ರ ಲೇಸಾಗಿ ಉಳಿಯುತ್ತದೆ. ದೂರದಿಂದ ನೋಡಿದರೆ ಟ್ಯಾಟಿಂಗ್ ಅಂತಲೇ ಅನ್ನಿಸುತ್ತೆ. ಹತ್ತಿರ ಹಿಡಿದರೆ ಗಂಟಿಲ್ಲ, ಬರೀ ಹೊಲಿಗೆ. ಆದರೆ ಓಲೆಯನ್ನು ಯಾರು ಅಷ್ಟು ಹತ್ತಿರ ಹಿಡಿದು ನೋಡುತ್ತಾರೆ? ಆ ಲೇಸಿನ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡೋದು ಹುಚ್ಚುತನ. ನಾನು ಮಾಡೋದಿಲ್ಲ.

ನನಗೆ ತಲೆಬಿಸಿ ಮಾಡಿದ್ದು ಅವರ ಎರಡನೇ ಮಾತು. "ಮನೇಲಿ ಟಿವಿ ನೋಡ್ತಾ ಮಾಡ್ತೀರಾ ಅಲ್ವಾ? ಟೈಂಪಾಸ್ ಆಗುತ್ತೆ." ಪ್ರೀತಿಯಿಂದಲೇ ಹೇಳಿದರು. ಹೌದು, ಟಿವಿ ನೋಡ್ತಾ ಮಾಡುತ್ತೇನೆ. ಆದರೆ ಆಫೀಸಿನಲ್ಲಿ ಹಾಡು ಕೇಳುತ್ತಾ ಕೋಡ್ ಬರೆಯೋ ಹುಡುಗನಿಗೆ ಯಾರೂ ಸಂಬಳ ಕಡಿಮೆ ಮಾಡುವುದಿಲ್ಲ.

ಈ ಟೈಂಪಾಸ್ ಮಾತಿಗೆ ದೊಡ್ಡ ಚರಿತ್ರೆಯೇ ಇದೆ. ಐರ್ಲೆಂಡಿನಲ್ಲಿ 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಎಷ್ಟೋ ಮನೆಗಳ ಹೊಟ್ಟೆ ತುಂಬಿಸಿದ್ದು ಹೆಂಗಸರ ಕ್ರೋಶಾ ಲೇಸ್. ಅದು ಟೈಂಪಾಸ್ ಆಗಿರಲಿಲ್ಲ. ನಮ್ಮ ಪಕ್ಕದ ಆಂಧ್ರದಲ್ಲಿ, ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತ, 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸ್ ದೊಡ್ಡ ಉದ್ಯಮವಾಗಿ ಬೆಳೆಯಿತು. ವಿದೇಶಕ್ಕೆಲ್ಲ ಹೋಗುತ್ತಿತ್ತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಹೋಗಿ ಅಧ್ಯಯನ ಮಾಡಿ 1982ರಲ್ಲಿ ಬರೆದದ್ದು ಇದನ್ನೇ. ಹೆಣೆಯೋ ಹೆಂಗಸರನ್ನು ಕೆಲಸಗಾರರು ಅಂತ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಕೂತ ಗೃಹಿಣಿಯರು, ಬಿಡುವಿನಲ್ಲಿ ಏನೋ ಮಾಡುತ್ತಾರೆ ಅಂತ. ಬಿಡುವಿನ ಕೆಲಸಕ್ಕೆ ಕೂಲಿ ಯಾಕೆ ಜಾಸ್ತಿ ಕೊಡಬೇಕು? ಲಾಭ ವ್ಯಾಪಾರಿಗಳಿಗೆ ಹೋಯಿತು. ನರಸಾಪುರದ ಲೇಸಿಗೆ 2024ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಸಿಕ್ಕಿದೆ. ಒಳ್ಳೆಯದೇ. ಆದರೆ ಟ್ಯಾಗ್ ಊರಿನ ಹೆಸರನ್ನು ಕಾಯುತ್ತದೆ. ಹೆಣೆದ ಕೈಗೆ ಎಷ್ಟು ಸಿಗಬೇಕು ಅಂತ ಅದು ಹೇಳುವುದಿಲ್ಲ.

ದಾರ ಯಾಕೆ ಬೇಗ ಹೋಗುತ್ತೆ ಅನ್ನೋದು ಈಗ ನನಗೆ ಅರ್ಥವಾಗುತ್ತದೆ. ದಾರ ಕೊಳ್ಳುವವರಿಗೆ ಟ್ಯಾಟಿಂಗ್ ಬರುತ್ತದೆ. ಅವರು ಚೌಕಾಸಿ ಮಾಡುವುದಿಲ್ಲ. ಹಾಗೆ ನೋಡಿದರೆ ನನ್ನ ಲೇಸನ್ನು ಪೂರ್ತಿ ಬೆಲೆ ಕೊಟ್ಟು ಕೊಂಡವರಲ್ಲೂ ಹೆಚ್ಚಿನವರು ಒಂದಲ್ಲ ಒಂದು ಕೈಕೆಲಸ ಮಾಡುವವರೇ. ನನ್ನ ದಾರದ ಗಿರಾಕಿಗಳಲ್ಲಿ ಅಮೆರಿಕದವರು ಬಹಳ. ಅಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕದ ವಿನಾಯಿತಿಯನ್ನು 2025ರ ಆಗಸ್ಟ್ ಕೊನೆಗೆ ತೆಗೆದರು. ನಿಯಮ ಸ್ಪಷ್ಟವಾಗೋವರೆಗೆ ನಮ್ಮ ಅಂಚೆಯಲ್ಲೂ ಅಮೆರಿಕದ ಪಾರ್ಸೆಲ್ ನಿಂತಿತು, ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು. ಆ ಮಧ್ಯದಲ್ಲಿ ಲಡಿಗಳೆಲ್ಲ ಮನೆಯಲ್ಲೇ. ಸುಮ್ನೆ ಕೂರೋದು ಯಾಕೆ ಅಂತ ಆಗ ಟ್ಯಾಟಿಂಗ್ ಕಲಿಸೋಕೆ ಶುರು ಮಾಡಿದೆ. ಭಾನುವಾರ ಮಧ್ಯಾಹ್ನ, ನಮ್ಮ ಹಾಲ್‌ನಲ್ಲೇ.

ಮೊದಲು ಬಂದವರು ನಮ್ಮ ಹಿಂದಿನ ಬೀದಿಯ ಕುಚ್ಚಿನ ಅಕ್ಕ. ಬೆಂಗಳೂರಿನಲ್ಲಿ ಬೀದಿಗೊಬ್ಬರು ಇರುತ್ತಾರಲ್ಲ, ಗೇಟಿಗೆ "ಸೀರೆ ಫಾಲ್ಸ್, ಜಿಗ್‌ಜಾಗ್, ಕುಚ್ಚು ಹಾಕಲಾಗುವುದು" ಅಂತ ಬೋರ್ಡ್ ತಗುಲಿಸಿಕೊಂಡು, ಅಂಥವರು. ಸೆರಗಿನ ಎಳೆಗಳನ್ನು ಎಣಿಸಿ ಬೇರೆ ಮಾಡಿ, ರೇಷ್ಮೆ ದಾರ ಸುತ್ತಿ, ಮಣಿ ಪೋಣಿಸಿ ಕುಚ್ಚು ಕಟ್ಟೋದು ಸಣ್ಣ ಕೆಲಸವಲ್ಲ. ಮದುವೆ ಸೀಸನ್‌ನಲ್ಲಿ ಅವರ ಮನೆಯಲ್ಲಿ ಸೀರೆಗಳ ರಾಶಿ ಇರುತ್ತದೆ. ಗಂಟು ಹಾರಿಸೋದು ಅವರಿಗೆ ಕೂತ ಕೂತಲ್ಲೇ ಬಂತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆಮೇಲೆ ಅವರು ಮಾಡಿದ್ದು ನನಗೆ ತೋಚಿರಲಿಲ್ಲ. ಸೆರಗಿಗೆ ಕುಚ್ಚಿನ ಮೇಲೆ ಒಂದು ಸಾಲು ಟ್ಯಾಟಿಂಗ್ ಉಂಗುರ ಸೇರಿಸಿ ಸ್ಯಾಂಪಲ್ ಮಾಡಿಟ್ಟರು. ದಾರ ನನ್ನದೇ, ಎಂ.ಎಸ್. ಬ್ಲೂ. ಕೇಳಿದವರಿಗೆ "ಇದು ಬೇರೆ ಕೆಲಸ, ಇದರ ರೇಟೇ ಬೇರೆ" ಅಂತ ಒಂದು ಮಾತಲ್ಲಿ ಹೇಳಿ, ಅಳತೆ ಪಟ್ಟಿ ಕೈಗೆತ್ತಿಕೊಳ್ಳುತ್ತಾರೆ. ಗಂಟೆ ಎಷ್ಟು ಹಿಡಿಯಿತು, ದಾರ ಎಲ್ಲಿಯದು, ಕೈಯದೋ ಮಷಿನ್‌ದೋ, ಯಾವ ವಿವರಣೆಯೂ ಇಲ್ಲ. ನಾನು ಟೇಬಲ್ ಹಿಂದೆ ನಿಂತು ಹತ್ತು ನಿಮಿಷ ಭಾಷಣ ಮಾಡುತ್ತಿದ್ದೆನಲ್ಲ, ಅದೊಂದೂ ಇಲ್ಲ. ಇಂಚಿನ ಲೆಕ್ಕದಲ್ಲಿ ನೋಡಿದರೆ ಅವರ ರೇಟ್ ನನ್ನದಕ್ಕಿಂತ ಜಾಸ್ತಿ.

"ಕೊಡ್ತಾರಾ ಅಕ್ಕ ಅಷ್ಟು?" ಅಂತ ಕೇಳಿದೆ.

"ಸೀರೆಗೆ ಹದಿನೆಂಟು ಸಾವಿರ ಕೊಟ್ಟಿರ್ತಾರೆ. ಸೆರಗಿಗೆ ಕೊಡಲ್ವಾ?" ಅಂದರು. "ನೀನು ಓಲೆ ಇಟ್ಕೊಂಡು ಕೂತಿದೀಯ. ಓಲೆ ಅಂದ್ರೆ ಜನ ಗಾಂಧಿಬಜಾರ್ ಫುಟ್‌ಪಾತ್ ರೇಟ್ ನೆನಪು ಮಾಡ್ಕೋತಾರೆ."

ಈಗ ನನ್ನ ಟೇಬಲ್ ಮೇಲೆ ಓಲೆ ಕಮ್ಮಿ. ಬ್ಲೌಸ್ ತೋಳಿನ ಅಂಚು, ಸೆರಗಿನ ಅಂಚು, ಹಳೇ ರೇಷ್ಮೆ ಸೀರೆಗೆ ಸರಿಹೊಂದೋ ಬಣ್ಣ ಹಾಕಿಕೊಡೋ ಆರ್ಡರ್. ಸೀರೆಯ ತುಂಡು ತಂದು ಕೊಟ್ಟರೆ ಆ ಬಣ್ಣಕ್ಕೆ ದಾರ ಮಾಡಿ, ಅದರಲ್ಲೇ ಹೆಣೆದು ಕೊಡುತ್ತೇನೆ. 450ರ ಚೀಟಿ ಕಿತ್ತು ಹಾಕಿದೆ. ಹೊಸ ಚೀಟಿ ಬರೆದದ್ದು ಅಕ್ಕ, ಪಕ್ಕದಲ್ಲಿ ಕೂತು, ನಾನು ಪ್ರತಿ ಸಂಖ್ಯೆಗೂ "ಜಾಸ್ತಿ ಆಯ್ತೇನೋ" ಅನ್ನುತ್ತಿದ್ದರೂ ಕೇಳಿಸಿಕೊಳ್ಳದೆ. ನವಿಲಿನ ಬಣ್ಣದ ಎರಡು ಆರ್ಡರ್ ಇವೆ. ಡಿಸೆಂಬರ್‌ನಲ್ಲಿ ಆಗೋದಿಲ್ಲ, ಸಂಕ್ರಾಂತಿ ಕಳೆದು ಸ್ವಲ್ಪ ಬಿಸಿಲೇರಲಿ ಅಂತ ಹೇಳಿದ್ದೇನೆ. ಇಬ್ಬರೂ ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ.